ಬಾಗಿಲು ತೆರೆದಿದ್ದರೆ ಸಾಕೆ?

ವ್ಯಾಪಾರದಲ್ಲಿ ಸರಕಿಗಿಂತ ಮೊದಲು ಬರುವುದು ಅಳತೆ. ಗಿರಾಕಿಯು ಬೆಲೆಯನ್ನು ವಿಚಾರಿಸುತ್ತಾನೆ, ಚೌಕಾಸಿ ಮಾಡುತ್ತಾನೆ, ಧಾನ್ಯವನ್ನು ಅಂಗೈಯಲ್ಲಿ ಹಿಡಿದು ಪರೀಕ್ಷಿಸುತ್ತಾನೆ. ಆದರೆ ತಕ್ಕಡಿಯಲ್ಲಿಟ್ಟ ತೂಕದ ಬಟ್ಟನ್ನು ಎತ್ತಿ ನೋಡುವವರು ವಿರಳ. ಬೆಲೆಯಲ್ಲಿ ನಡೆದ ಅನ್ಯಾಯವು ಆ ಒಂದು ವ್ಯವಹಾರದೊಡನೆ ಮುಗಿಯುತ್ತದೆ. ಅಳತೆಯಲ್ಲಿ ನಡೆದ ಅನ್ಯಾಯವಾದರೋ ಅಂಗಡಿಯ ಪ್ರತಿಯೊಂದು ವ್ಯವಹಾರದಲ್ಲಿಯೂ ಕಣ್ಣಿಗೆ ಕಾಣದಂತೆ ಸೇರಿಕೊಂಡಿರುತ್ತದೆ. ಆದುದರಿಂದಲೇ ಅಳತೆಯನ್ನು ನಿಗದಿಪಡಿಸುವ ಅಧಿಕಾರ ಯಾರಿಗೆ ಸಲ್ಲಬೇಕು ಎಂಬುದು ಎಲ್ಲ ಕಾಲದಲ್ಲಿಯೂ ನೀತಿಯ ಪ್ರಶ್ನೆಯೇ ಆಗಿದೆ.

ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬರುವ ಮೊದಲು ಸೇರು, ಮಣಗಳು ಊರಿನಿಂದ ಊರಿಗೆ ಬೇರೆಬೇರೆಯಾಗಿದ್ದವು. ಹೊಸ ಅಳತೆಯನ್ನು ತಂದದ್ದು ಜನರು ಆರಿಸಿದ ಸಂಸತ್ತು. ಅದು ಸರಿಯಿಲ್ಲವೆಂದು ತೋರಿದವನು ತನ್ನ ಪ್ರತಿನಿಧಿಯನ್ನು ಪ್ರಶ್ನಿಸಬಹುದಾಗಿತ್ತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬಹುದಾಗಿತ್ತು. ಆದರೆ ಇಂದು ಕೋಟ್ಯಂತರ ಜನರು ಪ್ರತಿದಿನ ಅವಲಂಬಿಸಿರುವ ಮತ್ತೊಂದು ಬಗೆಯ ಅಳತೆಯಿದೆ. ಅದನ್ನು ಯಾವ ಸಂಸತ್ತೂ ರಚಿಸಿಲ್ಲ, ಯಾವ ಸರ್ಕಾರವೂ ಹೊರಡಿಸಿಲ್ಲ. ಮೂಡುಬಿದಿರೆಯಲ್ಲಿ ಕುಳಿತವನ ಗಣಕಯಂತ್ರದಲ್ಲಿಯೂ ಕ್ಯಾಲಿಫೋರ್ನಿಯದಲ್ಲಿ ಕುಳಿತವನ ಯಂತ್ರದಲ್ಲಿಯೂ ಒಂದೇ ಜಾಲಪುಟವು ಒಂದೇ ರೀತಿಯಲ್ಲಿ ತೆರೆದುಕೊಳ್ಳುವಂತೆ ಮಾಡುವ ನಿಯಮಗಳ ಸಮೂಹವೇ ಆ ಅಳತೆ. ಇವನ್ನು ಜಾಲದ ಮಾನಕಗಳೆಂದು ಕರೆಯುತ್ತಾರೆ. ಇವನ್ನು ರಚಿಸುವ ಸಭೆಗಳು ತಮ್ಮ ಬಾಗಿಲು ತೆರೆದಿದೆಯೆಂದು ಹೇಳಿಕೊಳ್ಳುತ್ತವೆ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ಆದ ನಿರ್ಣಯವು ಹೊರಗಿನವರೆಲ್ಲರನ್ನೂ ನ್ಯಾಯವಾಗಿ ಬಂಧಿಸುತ್ತದೆಯೆ? ಇಲ್ಲವಾದರೆ ಅದಕ್ಕೆ ಅಧಿಕಾರ ಬರುವುದು ಯಾವುದರಿಂದ? ಇಲ್ಲಿ ಪರಿಶೀಲಿಸಬೇಕಾದ ವಿಷಯ ಇದು.

ಸಭೆಗಳ ಸ್ವರೂಪ

ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಕೇಂದ್ರವು ಜಾಲದ ಮೂಲ ತಂತ್ರಾಂಶದ ಮೇಲಿನ ತನ್ನ ಹಕ್ಕನ್ನು ತ್ಯಜಿಸಿ, ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಜಾಲವು ಇಷ್ಟು ಶೀಘ್ರವಾಗಿ ಲೋಕವ್ಯಾಪಿಯಾದುದಕ್ಕೆ ಈ ತ್ಯಾಗವೂ ಒಂದು ಮುಖ್ಯ ಕಾರಣ. ಮರುವರ್ಷ, 1994ರ ಅಕ್ಟೋಬರ್‌ನಲ್ಲಿ, ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಬರ್ನರ್ಸ್-ಲೀ ಅವರ ನೇತೃತ್ವದಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸ್ಥಾಪನೆಯಾಯಿತು. ವಾರ್ಷಿಕ ಶುಲ್ಕ ಕೊಡುವ ಕಂಪನಿಗಳು, ವಿಶ್ವವಿದ್ಯಾಲಯಗಳು, ಸೇವಾಸಂಸ್ಥೆಗಳು ಅದರ ಸದಸ್ಯರು. ಕರಡುಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಯಾರು ಬೇಕಾದರೂ ಓದಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಮತ ನೀಡುವ ಹಕ್ಕು ಸದಸ್ಯರಿಗೆ ಮಾತ್ರ.

ಇದಕ್ಕಿಂತ ಹಳೆಯದು 1986ರಲ್ಲಿ ಆರಂಭವಾದ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್. ಅಂತರಜಾಲದ ತಳಹದಿಯ ನಿಯಮಗಳು ಅಲ್ಲಿ ರೂಪುಗೊಳ್ಳುತ್ತವೆ. ಅಲ್ಲಿ ಸದಸ್ಯತ್ವವೆಂಬುದೇ ಇಲ್ಲ, ಬಂದವರೆಲ್ಲರೂ ಸಭಿಕರೇ. ಮತ ಎಣಿಸುವ ಪದ್ಧತಿಯೂ ಇಲ್ಲ. ಸಭೆಯ ಒಲವನ್ನು ತಿಳಿಯಲು ಅಧ್ಯಕ್ಷರು ಕೆಲವೊಮ್ಮೆ ಸಭಿಕರನ್ನು ಬಾಯಿಮುಚ್ಚಿ ಗುಂಯ್‌ಗುಡುವಂತೆ ಕೇಳುತ್ತಾರೆ. ಯಾರು ಯಾವ ಪಕ್ಷವೆಂದು ಬೆರಳೆತ್ತಿ ತೋರಿಸಲು ಅವಕಾಶವಾಗದಂತೆ ಒಟ್ಟಾರೆ ಒಲವು ಮಾತ್ರ ತಿಳಿಯಲಿ ಎಂಬುದು ಇದರ ಆಶಯ.

ಹೀಗೆ ಒಂದು ಸಭೆಯಲ್ಲಿ ಶುಲ್ಕದಿಂದ ಹಕ್ಕು, ಮತ್ತೊಂದರಲ್ಲಿ ಹಾಜರಿಯಿಂದ ಹಕ್ಕು. ಎರಡೂ ತಮ್ಮನ್ನು ಮುಕ್ತವೆಂದೇ ಕರೆದುಕೊಳ್ಳುತ್ತವೆ. ಮುಕ್ತತೆಯೆಂಬುದು ಒಂದೇ ಗುಣವಲ್ಲ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ನೋಡಲು ಅವಕಾಶ ಕೊಡುವುದು ಒಂದು ಮೆಟ್ಟಿಲು. ಮಾತನಾಡಲು ಅವಕಾಶ ಕೊಡುವುದು ಎರಡನೆಯದು. ಆಡಿದ ಮಾತಿಗೆ ಉತ್ತರ ಕೊಡುವುದು ಮೂರನೆಯದು. ಮೊದಲನೆಯ ಮೆಟ್ಟಿಲಿನಲ್ಲಿ ನಿಂತು ಮೂರನೆಯದನ್ನು ಏರಿದ್ದೇವೆಂದು ಹೇಳಿಕೊಳ್ಳುವುದರಿಂದಲೇ ಬಹುಪಾಲು ವಿವಾದಗಳು ಹುಟ್ಟಿವೆ.

ಕೇಳಿಸದ ಡಂಗುರ

2001ರ ಆಗಸ್ಟ್‌ನಲ್ಲಿ ಕನ್ಸಾರ್ಷಿಯಂ ಒಂದು ಕರಡನ್ನು ಪ್ರಕಟಿಸಿತು. ಮಾನಕದಲ್ಲಿ ಸೇರಿದ ಯಾವುದಾದರೂ ವಿಧಾನದ ಮೇಲೆ ಒಂದು ಕಂಪನಿಗೆ ಪೇಟೆಂಟ್ ಇದ್ದರೆ, ಕೆಲವು ಮಾನಕಗಳಲ್ಲಿ ಆ ಕಂಪನಿಯು 'ಸಮಂಜಸವಾದ' ಶುಲ್ಕವನ್ನು ಪಡೆಯಬಹುದೆಂದು ಆ ಕರಡು ಸೂಚಿಸಿತ್ತು. ಶುಲ್ಕ ಸಮಂಜಸವಾಗಿದ್ದರೆ ತಪ್ಪೇನೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ತನ್ನ ತಂತ್ರಾಂಶವನ್ನು ಉಚಿತವಾಗಿ ಹಂಚುವವನಿಗೆ, ಎಷ್ಟು ಪ್ರತಿಗಳು ಹರಡಿದವೆಂಬ ಲೆಕ್ಕವೇ ಇಲ್ಲದವನಿಗೆ, ಪ್ರತಿಯೊಂದರ ಮೇಲೆ ಒಂದು ಪೈಸೆಯ ಶುಲ್ಕವೂ ಬಾಗಿಲು ಮುಚ್ಚಿದಂತೆಯೇ ಸರಿ.

ಕರಡು ಗುಟ್ಟಿನದಾಗಿರಲಿಲ್ಲ. ಆಕ್ಷೇಪಣೆಗೆ ಸೆಪ್ಟೆಂಬರ್ ಕೊನೆಯವರೆಗೆ ಗಡುವನ್ನೂ ಕೊಡಲಾಗಿತ್ತು. ಆದರೂ ವಾರಗಳು ಕಳೆದರೂ ಹೆಚ್ಚಿನವರಿಗೆ ಅದರ ಸುಳಿವೇ ಇರಲಿಲ್ಲ. ಗಡುವಿನ ಕೊನೆಯ ದಿನಗಳಲ್ಲಿ ಸುದ್ದಿ ಹಬ್ಬಿತು. ಪ್ರತಿಭಟನೆಯ ಪತ್ರಗಳು ಪ್ರವಾಹದಂತೆ ಬಂದವು. ಗಡುವನ್ನು ಅಕ್ಟೋಬರ್‌ಗೆ ವಿಸ್ತರಿಸಬೇಕಾಯಿತು. ಮುಕ್ತ ತಂತ್ರಾಂಶದ ಪಕ್ಷವನ್ನು ಹೇಳಬಲ್ಲವರನ್ನು ಸಮಿತಿಗೆ ಆಹ್ವಾನಿಸಲಾಯಿತು. ಅಂತಿಮವಾಗಿ 2004ರ ಫೆಬ್ರುವರಿಯಲ್ಲಿ ಬಂದ ನೀತಿಯು ಹಿಂದಿನದಕ್ಕೆ ವಿರುದ್ಧವಾಗಿತ್ತು: ಮಾನಕವನ್ನು ಅನುಸರಿಸಲು ಅಗತ್ಯವಾದ ಪೇಟೆಂಟ್‌ಗಳನ್ನು ಅದರ ರಚನೆಯಲ್ಲಿ ಪಾಲ್ಗೊಂಡವರು ಶುಲ್ಕವಿಲ್ಲದೆ ಬಿಟ್ಟುಕೊಡಬೇಕು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಬಾಗಿಲು ತೆರೆದಿದ್ದರೂ ಡಂಗುರ ಕೇಳಿಸದಿದ್ದರೆ ಆ ತೆರವು ನಾಮಮಾತ್ರದ್ದು ಎಂಬುದು ಮೊದಲನೆಯದು. ಆಕ್ಷೇಪಣೆ ಬಂದ ಮೇಲೆ ತನ್ನ ಕರಡನ್ನು ತಿದ್ದಿಕೊಂಡ ಸಭೆಯು ತನ್ನ ಗೌರವವನ್ನು ಕಳೆದುಕೊಳ್ಳಲಿಲ್ಲ, ಗಳಿಸಿಕೊಂಡಿತು ಎಂಬುದು ಎರಡನೆಯದು.

ನಿರ್ಣಯಿಸುವವರು ಮತ್ತು ಮಾಡುವವರು

ಅದೇ ವರ್ಷ ಬೇರೊಂದು ಬಿರುಕು ಕಾಣಿಸಿಕೊಂಡಿತು. ಜಾಲಪುಟಗಳ ಮೂಲಭಾಷೆಯಾದ ಎಚ್‌ಟಿಎಂಎಲ್ ಅನ್ನು ಕೈಬಿಟ್ಟು, ಅದರ ಸ್ಥಾನದಲ್ಲಿ ಹೆಚ್ಚು ಶುದ್ಧವೂ ಕಟ್ಟುನಿಟ್ಟೂ ಆದ ಹೊಸ ಭಾಷೆಯನ್ನು ತರಬೇಕೆಂಬುದು ಕನ್ಸಾರ್ಷಿಯಂನ ಯೋಜನೆಯಾಗಿತ್ತು. 2004ರ ಜೂನ್‌ನಲ್ಲಿ ಸ್ಯಾನ್ ಹೊಸೆಯಲ್ಲಿ ನಡೆದ ಸಭೆಯಲ್ಲಿ, ಇರುವ ಭಾಷೆಯನ್ನೇ ಬೆಳೆಸೋಣವೆಂದು ಮೊಜಿಲ್ಲಾ ಮತ್ತು ಒಪೆರಾ ಎಂಬ ಬ್ರೌಸರ್ ತಯಾರಕರು ಮುಂದಿಟ್ಟ ಸಲಹೆಗೆ ಬಹುಮತ ದೊರೆಯಲಿಲ್ಲ. ಎರಡೇ ದಿನಗಳಲ್ಲಿ ಅವರೂ ಆಪಲ್ ಕಂಪನಿಯವರೂ ಸೇರಿ ವಾಟ್ ಡಬ್ಲ್ಯುಜಿ ಎಂಬ ಪ್ರತ್ಯೇಕ ಕೂಟವನ್ನು ಘೋಷಿಸಿದರು.

ನ್ಯಾಯ ಯಾರ ಪಕ್ಷದಲ್ಲಿತ್ತು? ಕನ್ಸಾರ್ಷಿಯಂ ತನ್ನ ವಿಧಿಗಳಂತೆ ಸಭೆ ಸೇರಿಸಿತ್ತು, ಮತ ಕೇಳಿತ್ತು. ಕ್ರಮದಲ್ಲಿ ಲೋಪವಿರಲಿಲ್ಲ. ಆದರೆ ಆ ನಿರ್ಣಯವನ್ನು ಕಾರ್ಯರೂಪಕ್ಕೆ ತರಬೇಕಾದವರು ಅದನ್ನು ಒಪ್ಪಿರಲಿಲ್ಲ. ಆಗಲೇ ಜಾಲದಲ್ಲಿದ್ದ ಅಸಂಖ್ಯ ಪುಟಗಳು ಹೊಸ ಭಾಷೆಯ ಕಟ್ಟುನಿಟ್ಟಿಗೆ ಒಗ್ಗುವಂತಿರಲಿಲ್ಲ. ಜಗತ್ತನ್ನೆಲ್ಲ ಒಮ್ಮೆಗೇ ಬದಲಿಸುವ ಪ್ರಯತ್ನ ಫಲಿಸಲಿಲ್ಲವೆಂದು ಬರ್ನರ್ಸ್-ಲೀ ಅವರೇ 2006ರಲ್ಲಿ ಒಪ್ಪಿಕೊಂಡರು. ಮರುವರ್ಷ ಕನ್ಸಾರ್ಷಿಯಂ ಹಳೆಯ ಭಾಷೆಯ ಕೆಲಸಕ್ಕೆ ಹಿಂದಿರುಗಿತು. ಅನೇಕ ವರ್ಷಗಳ ಕಾಲ ಒಂದೇ ಭಾಷೆಗೆ ಎರಡು ಮನೆಗಳು, ಎರಡು ಪಾಠಗಳು ಇದ್ದವು. 2019ರ ಮೇ 28ರಂದು ಎರಡೂ ಪಕ್ಷಗಳು ಒಪ್ಪಂದಕ್ಕೆ ಬಂದು, ಪ್ರತ್ಯೇಕ ಕೂಟದ ಪಾಠವೇ ಏಕೈಕ ಪಾಠವೆಂದು ನಿರ್ಧರಿಸಿದವು.

ಮಾಡುವವರ ಮಾತು ಗೆದ್ದಿತು. ಬಳಕೆಯ ವಿವೇಕವೂ ಅವರ ಪಕ್ಷದಲ್ಲಿಯೇ ಇತ್ತು. ಆದರೂ ಆ ಗೆಲುವಿನಲ್ಲಿ ಒಂದು ಅಪಾಯ ಅಡಗಿದೆ. ಪ್ರತ್ಯೇಕ ಕೂಟದ ಚರ್ಚೆಯಲ್ಲಿ ಶುಲ್ಕವಿಲ್ಲದೆ ಯಾರು ಬೇಕಾದರೂ ಪಾಲ್ಗೊಳ್ಳಬಹುದು. ಆ ದೃಷ್ಟಿಯಿಂದ ಅದು ಕನ್ಸಾರ್ಷಿಯಂಗಿಂತಲೂ ಮುಕ್ತ. ಆದರೆ 2017ರ ಡಿಸೆಂಬರ್‌ನಿಂದ ಅದರ ನಿರ್ವಾಹಕ ಮಂಡಲಿಯಲ್ಲಿರುವವರು ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಎಂಬ ನಾಲ್ಕು ಸಂಸ್ಥೆಗಳವರು ಮಾತ್ರ. ಇವರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 2020ರಿಂದ ತನ್ನ ಬ್ರೌಸರಿಗೆ ಗೂಗಲ್ ಮುಂದಾಳಾಗಿರುವ ಕ್ರೋಮಿಯಂ ತಂತ್ರಾಂಶವನ್ನೇ ಆಧಾರವಾಗಿ ಮಾಡಿಕೊಂಡಿದೆ. ಹೊಸ ಅಂಶವೊಂದು ಮಾನಕಕ್ಕೆ ಸೇರಲು ಕನಿಷ್ಠ ಇಬ್ಬರು ಬ್ರೌಸರ್ ತಯಾರಕರ ಬೆಂಬಲವಿರಬೇಕೆಂಬ ನಿಯಮವಿದೆ. ಯಾರೂ ಬಳಸದ ನಿಯಮಗಳನ್ನು ಕಾಗದದ ಮೇಲೆ ಬರೆಯುವುದು ವ್ಯರ್ಥವಾದುದರಿಂದ ಈ ನಿಯಮ ಯುಕ್ತವೇ. ಆದರೆ ಬಟ್ಟುಗಳನ್ನು ಎರಕ ಹೊಯ್ಯುವವರೇ ತೂಕವನ್ನೂ ನಿಗದಿಪಡಿಸುವಲ್ಲಿ, ಎರಕದ ಮನೆಗಳು ಕಡಿಮೆಯಾದಷ್ಟೂ ನಂಬಿಕೆಯ ಭಾರ ಹೆಚ್ಚುತ್ತದೆ. ಮಾತನಾಡುವ ಬಾಗಿಲು ಎಷ್ಟು ಅಗಲವಾಗಿದ್ದರೂ ಮಾಡುವ ಕೈಗಳು ಮೂರೋ ನಾಲ್ಕೋ ಆದಾಗ, ಅವುಗಳ ಮೌನವೇ ನಿರಾಕರಣೆಯಾಗಿಬಿಡುತ್ತದೆ.

ಮುದ್ರೆಯ ಪ್ರಶ್ನೆ

ಇವೆಲ್ಲಕ್ಕಿಂತ ಗಂಭೀರವಾದ ಪ್ರಕರಣವೆಂದರೆ ಎನ್‌ಕ್ರಿಪ್ಟೆಡ್ ಮೀಡಿಯಾ ಎಕ್ಸ್‌ಟೆನ್ಷನ್ಸ್, ಸಂಕ್ಷೇಪವಾಗಿ ಇಎಂಇ, ಎಂಬ ಮಾನಕದ್ದು. ಚಲನಚಿತ್ರಗಳನ್ನು ಜಾಲದ ಮೂಲಕ ಒದಗಿಸುವವರು ಅವನ್ನು ಪ್ರತಿ ಮಾಡಿಕೊಳ್ಳಲಾಗದಂತೆ ಗೂಢಲಿಪಿಯಲ್ಲಿ ಬೀಗ ಹಾಕಿ ಕಳುಹಿಸುತ್ತಾರೆ. ನೋಡುವವನ ಬ್ರೌಸರ್‌ನಲ್ಲಿ ಆ ಬೀಗವನ್ನು ತೆಗೆಯುವ ಒಂದು ಮುಚ್ಚಿದ ಪೆಟ್ಟಿಗೆಯಿರಬೇಕು. ಬ್ರೌಸರ್ ಮತ್ತು ಆ ಪೆಟ್ಟಿಗೆಗಳ ನಡುವಣ ಸಂಭಾಷಣೆಯ ಕ್ರಮವನ್ನು ಇಎಂಇ ನಿರೂಪಿಸುತ್ತದೆ. ಪೆಟ್ಟಿಗೆಯ ಒಳಗೇನಿದೆಯೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಅದು ಪೆಟ್ಟಿಗೆ ಮಾಡಿದ ಕಂಪನಿಯ ಸೊತ್ತು. 2012ರಲ್ಲಿ ಗೂಗಲ್, ಮೈಕ್ರೋಸಾಫ್ಟ್ ಮತ್ತು ನೆಟ್‌ಫ್ಲಿಕ್ಸ್ ಸಂಸ್ಥೆಗಳವರು ಈ ಪ್ರಸ್ತಾವವನ್ನು ಕನ್ಸಾರ್ಷಿಯಂ ಮುಂದಿಟ್ಟರು.

ಆಕ್ಷೇಪಣೆ ಎದ್ದುದು ಬೀಗದ ವಿಷಯದಲ್ಲಿ ಮಾತ್ರವಲ್ಲ. ಅಮೆರಿಕದ 1998ರ ಒಂದು ಕಾಯಿದೆಯಂತೆ ಇಂಥ ಬೀಗವನ್ನು ಮುರಿಯುವುದು ಅಪರಾಧವಾಗಬಹುದು. ಪೆಟ್ಟಿಗೆಯಲ್ಲಿ ಭದ್ರತೆಯ ದೋಷವಿದೆಯೆ ಎಂದು ಪರೀಕ್ಷಿಸುವ ಸಂಶೋಧಕನೂ, ಬಣ್ಣಗುರುಡು ಇರುವವರಿಗೆ ಕಾಣುವಂತೆ ಚಿತ್ರದ ಬಣ್ಣಗಳನ್ನು ಮಾರ್ಪಡಿಸುವ ಸಾಧನವನ್ನು ಮಾಡುವವನೂ, ಮಿಂಚುವ ಬೆಳಕಿನಿಂದ ಅಪಸ್ಮಾರ ಬರುವವರಿಗೆ ಮುನ್ನೆಚ್ಚರಿಕೆ ಕೊಡುವ ಸಾಧನವನ್ನು ಮಾಡುವವನೂ ಆ ಕಾಯಿದೆಯ ಭಯದಲ್ಲಿರಬೇಕಾಗುತ್ತದೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಅಮೆರಿಕದ ಸೇವಾಸಂಸ್ಥೆಯು ಈ ವಾದವನ್ನು ಮಂಡಿಸುವ ಸಲುವಾಗಿಯೇ 2013ರಲ್ಲಿ ಕನ್ಸಾರ್ಷಿಯಂನ ಸದಸ್ಯತ್ವ ಪಡೆಯಿತು. ಮಾನಕವನ್ನು ತಡೆಯಲು ಸಾಧ್ಯವಿಲ್ಲವೆಂದು ಕಂಡಾಗ ಅದೊಂದು ಮಧ್ಯಮಮಾರ್ಗವನ್ನು ಸೂಚಿಸಿತು: ನ್ಯಾಯವಾದ ಉದ್ದೇಶದಿಂದ ಪರೀಕ್ಷೆ ನಡೆಸುವವರ ಮೇಲೆ ಆ ಕಾಯಿದೆಯನ್ನು ಪ್ರಯೋಗಿಸುವುದಿಲ್ಲವೆಂದು ಸದಸ್ಯರು ವಚನ ಕೊಡಲಿ. ಈ ಬಗ್ಗೆ ಒಮ್ಮತ ಮೂಡಲಿಲ್ಲ.

2017ರ ಜುಲೈನಲ್ಲಿ ನಿರ್ದೇಶಕರಾದ ಬರ್ನರ್ಸ್-ಲೀ ಮಾನಕಕ್ಕೆ ಒಪ್ಪಿಗೆ ಕೊಟ್ಟರು. ಫೌಂಡೇಷನ್ ಮೇಲ್ಮನವಿ ಸಲ್ಲಿಸಿತು. ಕನ್ಸಾರ್ಷಿಯಂ ಇತಿಹಾಸದಲ್ಲಿ ಅದು ಮೊದಲನೆಯ ಮೇಲ್ಮನವಿ. ಸೆಪ್ಟೆಂಬರ್ 18ರಂದು ಫಲಿತಾಂಶ ಪ್ರಕಟವಾಯಿತು. ನಾಲ್ಕು ನೂರಕ್ಕೂ ಹೆಚ್ಚು ಸದಸ್ಯರಲ್ಲಿ 185 ಮತಗಳು ಬಂದಿದ್ದವು: ಪರವಾಗಿ 108, ವಿರುದ್ಧವಾಗಿ 57, ತಟಸ್ಥವಾಗಿ 20. ಯಾವ ಸದಸ್ಯರು ಯಾವ ಪಕ್ಷಕ್ಕೆ ಮತವಿತ್ತರೆಂಬುದನ್ನು ಪ್ರಕಟಿಸಲಿಲ್ಲ. ಮಾನಕವು ಅಂದೇ ಅಂಗೀಕೃತವಾಯಿತು. ಫೌಂಡೇಷನ್ ಅಂದೇ ರಾಜೀನಾಮೆ ಕೊಟ್ಟು ಹೊರನಡೆಯಿತು.

ಬರ್ನರ್ಸ್-ಲೀ ಅವರ ಸಮರ್ಥನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕನ್ಸಾರ್ಷಿಯಂ ಒಪ್ಪಲಿ ಬಿಡಲಿ, ಕಂಪನಿಗಳು ಬೀಗ ಹಾಕಿಯೇ ಹಾಕುತ್ತವೆ. ಹೊರಗೆ ನಡೆದರೆ ನೋಡುವವನ ಗೋಪ್ಯತೆಗೂ ಅಂಗವಿಕಲರ ಸೌಕರ್ಯಕ್ಕೂ ಗಮನ ಕೊಡುವವರು ಯಾರೂ ಇರುವುದಿಲ್ಲ. ಒಳಗೆ ನಡೆದರೆ ಕೆಲವು ಕಟ್ಟುಪಾಡುಗಳನ್ನಾದರೂ ವಿಧಿಸಬಹುದು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಪ್ರತ್ಯೇಕ ಪ್ಲಗ್‌ಇನ್‌ಗಳು ಗಣಕಯಂತ್ರದೊಳಗೆ ಇನ್ನೂ ಹೆಚ್ಚಿನ ಅಧಿಕಾರವನ್ನು ಪಡೆದಿದ್ದವೆಂಬುದೂ ಸತ್ಯ.

'ನಾವು ಮಾಡದಿದ್ದರೆ ಮತ್ತೊಬ್ಬರು ಮಾಡುತ್ತಾರೆ' ಎಂಬ ಈ ಮಾತು ಪೇಟೆಬೀದಿಗೆ ಹೊಸದಲ್ಲ. ಮಾರಬಾರದ ಸರಕನ್ನು ಮಾರುವವನು ಎದುರಂಗಡಿಯತ್ತ ಬೆರಳು ತೋರಿಸಿಯೇ ಸಮಾಧಾನ ಹೇಳಿಕೊಳ್ಳುತ್ತಾನೆ. ಆ ಮಾತು ಫಲದ ಲೆಕ್ಕದಲ್ಲಿ ನಿಜವಾಗಿರಬಹುದು. ಸರಕು ಹೇಗೂ ಊರಿಗೆ ಬರುತ್ತದೆ. ಆದರೆ ಹೊಣೆಯ ಲೆಕ್ಕದಲ್ಲಿ ಅದು ಉತ್ತರವಲ್ಲ. ಕೃತ, ಕಾರಿತ, ಅನುಮೋದನ ಎಂಬ ಭೇದವು ಈ ಪುಟಗಳ ಓದುಗರಿಗೆ ಪರಿಚಿತವಾದುದೇ. ತಾನು ಮಾಡದ, ತಾನು ಮಾಡಿಸದ ಕಾರ್ಯಕ್ಕೂ ಅನುಮೋದಿಸಿದವನಿಗೆ ಒಂದು ಪಾಲು ಸಲ್ಲುತ್ತದೆ. ಮಾನಕ ಸಭೆಯು ಮಾರುವುದಿಲ್ಲ, ಬೀಗವನ್ನೂ ಮಾಡುವುದಿಲ್ಲ; ಅದರ ಬಳಿ ಇರುವುದು ಮುದ್ರೆಯೊಂದೇ. ಅನುಮೋದನೆಯೇ ಅದರ ಏಕೈಕ ಕಾರ್ಯವಾಗಿರುವುದರಿಂದ, ಹೇಗೂ ನಡೆಯುವ ಕಾರ್ಯಕ್ಕೆ ಮುದ್ರೆಯೊತ್ತಿದೆವೆಂಬುದು ಅದಕ್ಕೆ ಬಿಡುಗಡೆಯ ಮಾತಾಗಲಾರದು. ಹೇಗೂ ನಡೆಯುವುದಕ್ಕೆ ಮುದ್ರೆಯನ್ನು ಬೇಡುವವರು ಅದನ್ನು ಬೇಡುವುದಾದರೂ ಏತಕ್ಕೆ? ಮುದ್ರೆಗೆ ಬೆಲೆಯಿದೆಯೆಂದಲ್ಲವೆ? ಆ ಬೆಲೆಯಿದ್ದಾಗಲೇ ಪ್ರತಿಯಾಗಿ ಸಂಶೋಧಕರಿಗೂ ದೃಷ್ಟಿದೋಷವುಳ್ಳವರಿಗೂ ರಕ್ಷಣೆಯ ವಚನವನ್ನು ಕೇಳಿ ಪಡೆಯಲು ಅವಕಾಶವಿತ್ತು. ಬೀಗಕ್ಕೆ ಮುದ್ರೆ ದೊರೆಯಿತು, ವಚನ ಮಾತ್ರ ದೊರೆಯಲಿಲ್ಲ. ಆ ದಿನದ ನಷ್ಟ ಇರುವುದು ಇಲ್ಲಿ.

ಎಣಿಕೆಯೋ, ಉತ್ತರವೋ

ಹಾಗಾದರೆ ಸಭೆಯ ನಿರ್ಣಯಕ್ಕೆ ನ್ಯಾಯಬಲ ಬರುವುದು ಬಹುಮತದಿಂದಲೆ? ಈ ವಿಷಯದಲ್ಲಿ ಟಾಸ್ಕ್ ಫೋರ್ಸ್‌ನ ಅನುಭವವು ವಿಚಾರಾರ್ಹವಾಗಿದೆ. 1992ರಲ್ಲಿ ಅಂತರಜಾಲದ ವಿಳಾಸ ಪದ್ಧತಿಯನ್ನು ಬದಲಿಸುವ ಪ್ರಶ್ನೆ ಬಂದಾಗ, ಮೇಲಿನ ಒಂದು ಸಣ್ಣ ಮಂಡಲಿಯು ತನ್ನಷ್ಟಕ್ಕೆ ಒಂದು ದಾರಿಯನ್ನು ಆರಿಸಿತು. ಸಭಿಕರು ದಂಗೆಯೆದ್ದರೆಂದೇ ಹೇಳಬೇಕು. ರಾಜರೂ ಬೇಡ, ಮತ ಎಣಿಕೆಯೂ ಬೇಡ, ಸ್ಥೂಲವಾದ ಸಹಮತವೂ ನಡೆದು ತೋರಿಸಿದ ತಂತ್ರಾಂಶವೂ ಸಾಕು ಎಂಬರ್ಥದ ಡೇವಿಡ್ ಕ್ಲಾರ್ಕ್ ಅವರ ಪ್ರಸಿದ್ಧ ಮಾತು ಹುಟ್ಟಿದ್ದು ಆ ಸಂದರ್ಭದಲ್ಲಿ. ಆ ಬಳಿಕ ಮುಖಂಡರನ್ನು ಆರಿಸುವ ಕ್ರಮವೇ ಬದಲಾಯಿತು. ಸಭೆಗಳಿಗೆ ಬರುವವರಲ್ಲಿ ಸ್ವಯಂಪ್ರೇರಿತರಾಗಿ ಹೆಸರು ಕೊಟ್ಟವರಿಂದ ಚೀಟಿಯೆತ್ತಿದಂತೆ ಕೆಲವರನ್ನು ಆಯ್ದು, ಅವರ ಸಮಿತಿಗೆ ಆ ಕಾರ್ಯವನ್ನು ಒಪ್ಪಿಸುವ ಪದ್ಧತಿ ಬಂದಿತು.

ಸ್ಥೂಲ ಸಹಮತವೆಂದರೇನು ಎಂಬುದನ್ನು 2014ರಲ್ಲಿ ಪೀಟ್ ರೆಸ್ನಿಕ್ ಅವರು ಟಾಸ್ಕ್ ಫೋರ್ಸ್‌ಗಾಗಿ ಬರೆದ ಲೇಖವೊಂದು ವಿವರಿಸುತ್ತದೆ. ನೂರು ಜನ ಪರವಾಗಿದ್ದು ಐವರು ವಿರೋಧಿಸಿದರೂ ಸಹಮತವಿಲ್ಲದಿರಬಹುದು. ಐವರು ಪರವಾಗಿದ್ದು ನೂರು ಜನ ವಿರೋಧಿಸಿದರೂ ಸಹಮತವಿರಬಹುದು ಎಂದು ಅದರ ಅಭಿಪ್ರಾಯ. ಮೊದಲ ಓದಿಗೆ ಇದು ವಿಪರೀತವೆಂದು ತೋರುತ್ತದೆ. ಆದರೆ ಅದರ ಹೃದಯ ಇಷ್ಟೇ: ಆ ಐವರ ಆಕ್ಷೇಪಣೆಯಲ್ಲಿ ಹುರುಳಿದ್ದು ಅದಕ್ಕೆ ಉತ್ತರ ಸಿಗದಿದ್ದರೆ, ನೂರು ತಲೆಗಳ ಎಣಿಕೆ ಅದನ್ನು ಅಳಿಸಲಾರದು. ನೂರು ಜನರ ವಿರೋಧವು ಒಂದೇ ಆಕ್ಷೇಪಣೆಯ ಪುನರುಕ್ತಿಯಾಗಿದ್ದು ಅದಕ್ಕೆ ಸಮರ್ಪಕ ಉತ್ತರ ಕೊಟ್ಟಾಗಿದ್ದರೆ, ಸಂಖ್ಯೆಯೊಂದೇ ಸಭೆಯನ್ನು ತಡೆಯಲಾರದು. ಆಕ್ಷೇಪಣೆಯನ್ನು ಒಪ್ಪಲೇಬೇಕೆಂದಿಲ್ಲ, ಎದುರಿಸಲೇಬೇಕು.

ಈ ಮಾತಿಗೆ ಕನ್ಸಾರ್ಷಿಯಂನಲ್ಲಿಯೂ ಒಂದು ನಿದರ್ಶನ ದೊರೆಯಿತು. ವ್ಯಕ್ತಿಯ ಗುರುತನ್ನು ಒಂದೇ ಕೇಂದ್ರದ ಅಧೀನದಲ್ಲಿಡದೆ ಸೂಚಿಸುವ ಒಂದು ಮಾನಕಕ್ಕೆ 2021ರಲ್ಲಿ ಗೂಗಲ್, ಆಪಲ್ ಮತ್ತು ಮೊಜಿಲ್ಲಾ ಸಂಸ್ಥೆಗಳು ವಿಧ್ಯುಕ್ತ ಆಕ್ಷೇಪಣೆ ಸಲ್ಲಿಸಿದವು. 2022ರ ಜೂನ್‌ನಲ್ಲಿ ಅವು ತಿರಸ್ಕೃತವಾದವು. ತಿರಸ್ಕಾರಕ್ಕೆ ಕಾರಣಗಳನ್ನು ಬರೆದು ಪ್ರಕಟಿಸಲಾಯಿತು. ಜುಲೈನಲ್ಲಿ ಮಾನಕ ಅಂಗೀಕೃತವಾಯಿತು. ಆ ಮಾನಕ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಬಲಶಾಲಿಗಳಿಗೂ 'ಇಲ್ಲ' ಎನ್ನಬಹುದು, ಅದಕ್ಕೆ ಕಾರಣವನ್ನೂ ಕೊಡಬಹುದು ಎಂಬುದು ಅಲ್ಲಿ ಸಿದ್ಧವಾಯಿತು. 2023ರಲ್ಲಿ ಕನ್ಸಾರ್ಷಿಯಂ ಸ್ವತಂತ್ರ ಸಾರ್ವಜನಿಕ ಹಿತದ ಸಂಸ್ಥೆಯಾಗಿ ನೋಂದಣಿಗೊಂಡಿತು; ಅದೇ ವರ್ಷದ ಹೊಸ ವಿಧಿಯಂತೆ, ಹಿಂದೆ ನಿರ್ದೇಶಕರೊಬ್ಬರೇ ನಿರ್ಣಯಿಸುತ್ತಿದ್ದ ಆಕ್ಷೇಪಣೆಗಳನ್ನು ಒಂದು ಮಂಡಲಿ ವಿಚಾರಿಸುವ ಕ್ರಮ ಬಂದಿತು. ಸ್ಥಾಪಕರ ವ್ಯಕ್ತಿಗೌರವದ ಮೇಲೆ ನಿಂತಿದ್ದ ಅಧಿಕಾರವನ್ನು ವಿಧಿಯ ಮೇಲೆ ನಿಲ್ಲಿಸುವ ಈ ಪ್ರಯತ್ನವು ಸ್ವಾಗತಾರ್ಹವಾದುದು.

ಸಭೆಗೆ ಬಾರದವರು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಂದವನ ಆಕ್ಷೇಪಣೆಗೆ ಉತ್ತರ ಕೊಡಬಹುದು, ಬಾರದವನ ಗತಿಯೇನು? ವರ್ಷಕ್ಕೆ ಮೂರು ಬಾರಿ ದೂರದ ನಗರಗಳಲ್ಲಿ ಸೇರುವ ಸಭೆಗೆ ಹೋಗಲು ಹಣ ಬೇಕು. ಇಂಗ್ಲಿಷಿನ ನೂರಾರು ಪುಟಗಳ ಕರಡನ್ನು ಓದಲು ಬಿಡುವು ಬೇಕು. ಸಂಬಳ ಕೊಟ್ಟು ಇದಕ್ಕೆಂದೇ ಜನರನ್ನು ನೇಮಿಸಬಲ್ಲ ಕಂಪನಿಗೂ, ಸಂಜೆಯ ಬಿಡುವಿನಲ್ಲಿ ಪತ್ರ ಬರೆಯುವ ಅಧ್ಯಾಪಕನಿಗೂ ಒಂದೇ ಬಾಗಿಲು ತೆರೆದಿದೆಯೆಂಬುದು ನಿಜ. ಇಬ್ಬರೂ ಆ ಬಾಗಿಲನ್ನು ಸಮಾನವಾಗಿ ದಾಟಬಲ್ಲರೆಂಬುದು ನಿಜವಲ್ಲ.

ಈ ಗೈರುಹಾಜರಿಯ ಫಲವನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಜಾಲಪುಟಗಳ ಅಕ್ಷರಗಳಿಗೆಲ್ಲ ಇಂದು ಆಧಾರವಾಗಿರುವುದು ಯೂನಿಕೋಡ್ ಎಂಬ ಮಾನಕ. ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದು ಒಂದು ಸಂಖ್ಯೆಯನ್ನೂ ಒಂದು ಇಂಗ್ಲಿಷ್ ಹೆಸರನ್ನೂ ಕೊಟ್ಟಿದೆ. ಹಳಗನ್ನಡದ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಬಳಕೆಯಲ್ಲಿದ್ದು ಆಮೇಲೆ ಬಿಟ್ಟುಹೋದ 'ೞ' ಎಂಬ ಅಕ್ಷರವೊಂದುಂಟು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇದನ್ನು ಕುರಿತು ವಿಚಾರ ಮಾಡಿದ್ದಾನೆ. ಪಂಡಿತರು ಇದನ್ನು ರಳವೆಂದು ಕರೆಯುತ್ತಾರೆ. ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಬಿದ್ದ ಹೆಸರು 'ಕನ್ನಡ ಲೆಟರ್ ಫ' ಎಂದು! ಹಲ್ಲು ತುಟಿಗಳ ನಡುವಣ ಫಕಾರಕ್ಕೂ ಈ ಅಕ್ಷರಕ್ಕೂ ಯಾವ ಸಂಬಂಧವೂ ಇಲ್ಲ. ಇದು ತಪ್ಪೆಂದು ಯೂನಿಕೋಡ್ ಒಕ್ಕೂಟವೇ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಅದರ ಕಟ್ಟಳೆ. ಹೆಸರನ್ನು ನಂಬಿ ನಡೆಯುವ ತಂತ್ರಾಂಶಗಳು ಕೆಡಬಾರದೆಂಬುದು ಅದಕ್ಕೆ ಕಾರಣ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಪರ್ಯಾಯವೆಂದು ದಾಖಲಿಸಲಾಗಿದೆ.

ಈ ತಪ್ಪಿನಿಂದ ಯಾರ ಹೊಟ್ಟೆಯೂ ಬರಿದಾಗಲಿಲ್ಲ. ಅಕ್ಷರವನ್ನು ಬರೆಯಲೂ ಮುದ್ರಿಸಲೂ ಅಡ್ಡಿಯಿಲ್ಲ. ಹೆಸರಿಟ್ಟವರಲ್ಲಿ ದುರುದ್ದೇಶವಿತ್ತೆಂದೂ ಹೇಳಲಾಗದು. ಅದು ಬೋಧಿಸುವ ವಿಷಯ ಮಾತ್ರ ದೊಡ್ಡದು. 'ೞ'ಕಾರವನ್ನು ಬಲ್ಲವನೊಬ್ಬನು ಆ ಪಟ್ಟಿಯನ್ನು ಸಕಾಲದಲ್ಲಿ ಓದಿದ್ದರೆ ಒಂದು ನಿಮಿಷದಲ್ಲಿ ಕಾಣಬಹುದಾಗಿದ್ದ ತಪ್ಪು, ಕಾಲ ಮೀರಿದುದರಿಂದ ಎಂದೆಂದಿಗೂ ನಿಂತುಬಿಟ್ಟಿತು. ಮಾನಕದ ಸ್ವಭಾವವೇ ಹೀಗೆ. ಅದರ ಮೇಲೆ ಇತರರು ಕಟ್ಟಡವನ್ನು ಕಟ್ಟಿದ ಮೇಲೆ ಅಡಿಗಲ್ಲನ್ನು ಕದಲಿಸುವಂತಿಲ್ಲ. ಆದುದರಿಂದ ಬಾರದವರಿಗಾಗಿ ಕಾಯುವ, ಬಾರದವರನ್ನು ಹುಡುಕಿ ಕೇಳುವ ಹೊಣೆಯು ಬೇರೆ ಸಭೆಗಳಿಗಿಂತ ಇಂಥ ಸಭೆಗೆ ಅಧಿಕ.

ಎಚ್‌ಟಿಎಂಎಲ್ ಭಾಷೆಯನ್ನು ಮತ್ತೆ ರೂಪಿಸುವಾಗ 2007ರಲ್ಲಿ ಬರೆದುಕೊಂಡ ತತ್ತ್ವಗಳಲ್ಲಿ ಒಂದು ಈ ದೃಷ್ಟಿಯಿಂದ ಮನನೀಯವಾಗಿದೆ. ಹಿತಗಳ ನಡುವೆ ಘರ್ಷಣೆ ಬಂದಾಗ ಮೊದಲು ಬಳಸುವವನ ಹಿತ, ಅನಂತರ ಪುಟ ರಚಿಸುವವನ ಹಿತ, ಆಮೇಲೆ ಬ್ರೌಸರ್ ತಯಾರಕನ ಹಿತ, ಅದರ ಬಳಿಕ ಮಾನಕ ಬರೆಯುವವನ ಹಿತ, ಕಟ್ಟಕಡೆಗೆ ಸಿದ್ಧಾಂತದ ಶುದ್ಧಿ ಎಂದು ಅದು ಕ್ರಮವನ್ನು ಹೇಳುತ್ತದೆ. ಸಭೆಯಲ್ಲಿ ಕುಳಿತವರ ಕ್ರಮವಾದರೋ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು: ಬರೆಯುವವರೂ ತಯಾರಕರೂ ಮುಂದಿನ ಸಾಲಿನಲ್ಲಿ, ಬಳಸುವವನು ಬಾಗಿಲಿನ ಹೊರಗೆ. ಆದುದರಿಂದ ಆ ತತ್ತ್ವಕ್ಕೆ ಇರುವುದು ಒಂದೇ ಅರ್ಥ. ಒಳಗೆ ಕುಳಿತವನು ತನ್ನ ಹಕ್ಕಿನಿಂದ ಕುಳಿತಿಲ್ಲ. ಹೊರಗಿರುವವನ ನ್ಯಾಸಧಾರಿಯಾಗಿ ಕುಳಿತಿದ್ದಾನೆ.

ಉಪಸಂಹಾರ

ಮೇಲಿನ ಪ್ರಕರಣಗಳನ್ನು ಒಟ್ಟಾಗಿ ನೋಡಿದಾಗ, ತೆರೆದ ಬಾಗಿಲು ಅಗತ್ಯವಾದರೂ ಪರ್ಯಾಪ್ತವಲ್ಲವೆಂಬುದು ಸ್ಪಷ್ಟವಾಗುತ್ತದೆ. ಜಾಲದ ಮಾನಕಸಭೆಗೇ ಆಗಲಿ, ಒಂದು ಊರಿನ ನ್ಯಾಸದ ಆಡಳಿತ ಸಭೆಗೇ ಆಗಲಿ, ಮೂರು ಪ್ರಶ್ನೆಗಳನ್ನು ಕೇಳಬಹುದು. ನಿರ್ಣಯಕ್ಕೆ ಒಳಗಾಗುವವರ ಕಿವಿಗೆ ಬೀಳುವಂತೆ ಕರೆ ಹೋಗಿತ್ತೆ? ಬಂದ ಆಕ್ಷೇಪಣೆಗೆ ಎಣಿಕೆಯಿಂದಲ್ಲದೆ ಕಾರಣದಿಂದ ಉತ್ತರ ದೊರೆಯಿತೆ? ಬರಲಾಗದವನ ಪರವಾಗಿ ಹೊಣೆಯಿಂದ ಮಾತನಾಡಿದವರು ಯಾರಾದರೂ ಇದ್ದರೆ? ಮೂರಕ್ಕೂ ಹೌದೆಂದು ಉತ್ತರಿಸಬಲ್ಲ ಸಭೆಯ ಬಾಗಿಲು ಕಿರಿದಾಗಿದ್ದರೂ ಅದರ ನಿರ್ಣಯಕ್ಕೆ ಬಲವಿದೆ. ಒಂದಕ್ಕೂ ಹೌದೆನ್ನಲಾರದ ಸಭೆ ಗೋಡೆಗಳನ್ನೇ ಕೆಡವಿ ಬಯಲಿನಲ್ಲಿ ಕುಳಿತರೂ ಅದರ ನಿರ್ಣಯ ಬಲವಂತವೇ ಹೊರತು ನ್ಯಾಯವಲ್ಲ.

ಅಂಗಡಿಯ ತೂಕದ ಬಟ್ಟುಗಳನ್ನು ನಿಯತಕಾಲಕ್ಕೊಮ್ಮೆ ಅಧಿಕಾರಿಗಳು ಪರೀಕ್ಷಿಸಿ ಮರುಮುದ್ರೆ ಒತ್ತುವ ಪದ್ಧತಿಯಿದೆ. ವ್ಯಾಪಾರಿ ಕಳ್ಳನೆಂಬ ಸಂಶಯದಿಂದಲ್ಲ. ಯಾರ ಕಪಟವೂ ಇಲ್ಲದೆ, ದಿನದಿನದ ಬಳಕೆಯಿಂದಲೇ ಕಬ್ಬಿಣವು ಸವೆಯುತ್ತದೆ. ಸವೆದುದು ಬಳಸುವವನಿಗೆ ತಿಳಿಯುವುದಿಲ್ಲ. ಸಭೆಗಳ ಅಧಿಕಾರವೂ ಹೀಗೆಯೇ ಸವೆಯುತ್ತದೆ. ಒಮ್ಮೆ ನ್ಯಾಯವಾಗಿ ದೊರೆತ ಮುದ್ರೆ ಶಾಶ್ವತವೆಂದು ನಂಬಿದ ಸಭೆಯು ತನ್ನ ಬಟ್ಟು ಹಗುರಾದುದನ್ನು ಅರಿಯದೆ ತೂಗುತ್ತಲೇ ಹೋಗುತ್ತದೆ. ಸವೆದ ಬಟ್ಟನ್ನು ತಾನಾಗಿಯೇ ತಂದು ತಕ್ಕಡಿಯಲ್ಲಿಡುವ ವ್ಯಾಪಾರಿಯನ್ನು ಊರು ನಂಬುತ್ತದೆ.